ಕಾಯಕದ ನೆಲೆಯಲ್ಲಿ ಹಿರಿಯರೂ ಕಿರಿಯರೂ

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ನೆರವೇರಿದ ಕಾಯಕಗೋಷ್ಠಿಯ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ

 

ಮಹೋತ್ಸವದ ಕಾಲದಲ್ಲಿ ಗತಿಸಿದ ಐವತ್ತು ವರ್ಷಗಳ ಸಾಧನೆಯನ್ನು ಎಣಿಸುವುದು ಲೋಕರೂಢಿ. ಎದ್ದ ಕಟ್ಟಡಗಳೆಷ್ಟು, ಓದಿ ಹೊರಬಿದ್ದ ಮಕ್ಕಳೆಷ್ಟು, ನಡೆದ ದಾಸೋಹವೆಷ್ಟು ಎಂಬ ಲೆಕ್ಕವು ಸಂತೋಷವನ್ನುಂಟುಮಾಡತಕ್ಕದ್ದೇ ಸರಿ. ಆದರೆ ಇದರ ಜೊತೆಗೆ ಮತ್ತೊಂದು ಲೆಕ್ಕವೂ ಇರುತ್ತದೆ. ಮುಂದಿನ ಐವತ್ತು ವರ್ಷಗಳಲ್ಲಿ ಈ ಕೆಲಸಗಳನ್ನು ಯಾರು ಹೊತ್ತು ನಡೆಯಿಸತಕ್ಕವರು? ಅವರು ಈಗ ಎಲ್ಲಿದ್ದಾರೆ? ಹಿರಿಯರ ಬಳಿಯಲ್ಲಿ ಕುಳಿತು ಕಲಿಯುತ್ತಿದ್ದಾರೆಯೋ, ಇಲ್ಲವೆ ಗಂಟುಮೂಟೆ ಕಟ್ಟಿಕೊಂಡು ಬಸ್ಸಿನ ನಿಲ್ದಾಣದಲ್ಲಿ ನಿಂತಿದ್ದಾರೆಯೋ? ಈ ಪ್ರಶ್ನೆಯನ್ನು ಕೇಳಿಕೊಳ್ಳದ ಉತ್ಸವವು ಎಣ್ಣೆಯನ್ನು ನೋಡದೆ ದೀಪದ ಬೆಳಕನ್ನಷ್ಟೇ ಹೊಗಳಿದಂತಾಗುವುದು.

ಮಠದ ಭಕ್ತರಲ್ಲಿ ಅಂಗಡಿಯ ಯಜಮಾನರಿದ್ದಾರೆ, ಮಗ್ಗಗಳ ಒಡೆಯರಿದ್ದಾರೆ, ಎಣ್ಣೆಯ ಗಾಣ, ಹತ್ತಿಯ ಗಿರಣಿ, ಮುದ್ರಣಾಲಯ, ಶಾಲೆಗಳನ್ನು ನಡೆಯಿಸುವವರಿದ್ದಾರೆ. ಇವರೆಲ್ಲರೂ ಸನ್ನಿಧಿಗೆ ಬಂದಾಗ ಒಂದಿಲ್ಲೊಂದು ರೀತಿಯಲ್ಲಿ ತೋಡಿಕೊಳ್ಳುವ ಅಳಲು ಒಂದೇ: ಹುಡುಗರು ನಿಲ್ಲುವುದಿಲ್ಲ. ಈ ಅಳಲಿನ ವಿಚಾರವೇ ಇಂದಿನ ಉಪನ್ಯಾಸದ ಪ್ರಕೃತ ವಿಷಯ.

ಪೂರ್ವಪಕ್ಷವನ್ನು ಚೆನ್ನಾಗಿ ಕೇಳಿದ ಹೊರತು ಸಿದ್ಧಾಂತವನ್ನು ಹೇಳಬಾರದೆಂಬುದು ಶಾಸ್ತ್ರಮರ್ಯಾದೆ. ಆದುದರಿಂದ ಮೊದಲು ಎರಡು ಕಡೆಯ ಮಾತನ್ನೂ ಕೇಳುವುದು ಯುಕ್ತ.

ಹಿರಿಯರು ಹೇಳುವುದಿಷ್ಟು: ಈಗಿನ ತರುಣರಿಗೆ ಸೈರಣೆಯಿಲ್ಲ, ನಾಲ್ಕು ದಿನ ಕಲಿತರೆ ಎಲ್ಲವೂ ಬಂದಿತೆಂದು ತಿಳಿಯುವರು, ಬೇರೆಡೆಯಲ್ಲಿ ನಾಲ್ಕು ಕಾಸು ಹೆಚ್ಚು ಕಂಡರೆ ಅನ್ನವಿಟ್ಟ ಮನೆಯನ್ನು ಮರೆಯುವರು, ಗದರಿಸಿದರೆ ಮುನಿಯುವರು, ಗದರಿಸದಿದ್ದರೆ ಮೈಗಳ್ಳರಾಗುವರು, ಕಣ್ಣು ಸದಾ ಮೊಬೈಲಿನ ಮೇಲೆ. ಕಿರಿಯರು ಹೇಳುವುದೂ ಅಷ್ಟೇ ಸ್ಪಷ್ಟವಾಗಿದೆ: ಹತ್ತು ವರ್ಷ ದುಡಿದರೂ ಇಲ್ಲಿ ಹುಡುಗ ಎಂಬ ಹೆಸರು ಹೋಗುವುದಿಲ್ಲ; ಏಕೆ ಎಂದು ಕೇಳಿದರೆ ಎದುರುತ್ತರವೆಂದು ಎಣಿಸುವರು; ಕೂಲಿಯ ಲೆಕ್ಕವು ಯಜಮಾನರ ಮನಸ್ಸಿನಲ್ಲಿರುವುದೇ ಹೊರತು ಕಾಗದದ ಮೇಲಿರುವುದಿಲ್ಲ; ಕೆಲಸದ ಮರ್ಮವನ್ನು ಮುಚ್ಚಿಟ್ಟು ಹೊರೆಯನ್ನು ಮಾತ್ರ ಹೊರಿಸುವರು.

ಈ ಎರಡು ಪಕ್ಷಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇಬ್ಬರ ಮಾತುಗಳಲ್ಲಿ ಒಂದು ಭೇದವಿರುವುದನ್ನು ಲಕ್ಷಿಸಬೇಕು. ಹಿರಿಯರು ಕಿರಿಯರ ಸ್ವಭಾವವನ್ನು ದೂರುತ್ತಾರೆ. ಕಿರಿಯರು ಹಿರಿಯರ ಕಾರ್ಯವಿಧಾನವನ್ನು ದೂರುತ್ತಾರೆ. ಸ್ವಭಾವವನ್ನು ಬದಲಿಸುವುದು ದುಸ್ಸಾಧ್ಯ. ವಿಧಾನವನ್ನು ಬದಲಿಸುವುದು ಸಾಧ್ಯ. ಸಾಧ್ಯವಾದುದನ್ನು ಮೊದಲು ಮಾಡುವುದು ವಿವೇಕಿಗಳ ಲಕ್ಷಣ. ಆದುದರಿಂದ ಈ ವಿಚಾರದಲ್ಲಿ ಮೊದಲ ಹೊಣೆಯು ಹಿರಿಯರ ಮೇಲೆಯೇ ಬೀಳುತ್ತದೆ.

ವಿಷಯವು ವಿಶದವಾಗಲೆಂದು ಒಂದು ವೃತ್ತಿಯನ್ನು ಎತ್ತಿಕೊಳ್ಳುವುದು ಒಳ್ಳೆಯದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಅರಿಯದ ತಾಯಂದಿರು ಈ ಸಭೆಯಲ್ಲಿ ಇರಲಾರರು. ಆ ಸೀರೆಯನ್ನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತು ಕೈಮಗ್ಗದಲ್ಲಿ ನೇಯುವುದು ಪೂರ್ವದಿಂದ ಬಂದ ಪದ್ಧತಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲು ಮುಗಿದೆಡೆಯಲ್ಲಿ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಕುಣಿಕೆಗಳಿಂದ ಸಾಲಾಗಿ ಕೂಡಿಸುವರು. ಇದಕ್ಕೆ ತೋಪು ತೆನಿ ಎಂದು ಅಲ್ಲಿನ ಹೆಸರು. ಈ ಕೂಡಿಕೆಯ ದೆಸೆಯಿಂದ ಹತ್ತಾರು ಸೀರೆಗಳಿಗಾಗುವಷ್ಟು ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸಲು ಬರುವುದಿಲ್ಲ. ಒಂದು ಸೀರೆಯ ಅಳತೆಗೆ ಮಾತ್ರ ಹಾಸು ಹೂಡಿ, ಪ್ರತಿಯೊಂದು ಸೀರೆಗೂ ಹೊಸದಾಗಿ ಕೂಡಿಸಬೇಕು. ಇದು ನಿಧಾನದ ಕೆಲಸ, ಕಣ್ಣಿನ ಕೆಲಸ, ತಾಳ್ಮೆಯ ಕೆಲಸ. ಆದರೆ ಇಳಕಲ್ಲ ಸೀರೆಗೆ ಆ ಹೆಸರು ಬಂದುದು ಈ ಕೂಡಿಕೆಯಿಂದಲೇ.

ಇಂಥ ಕೈಮಗ್ಗದ ವೃತ್ತಿಯ ಸ್ಥಿತಿಯು ಇಂದು ಏನಾಗಿದೆ? ಸಮಗ್ರ ಭಾರತದಲ್ಲಿ ನೇಕಾರರೂ ಅವರ ಸಹಾಯಕ ಕೆಲಸಗಾರರೂ ಕೂಡಿ 1995ರ ಗಣತಿಯಲ್ಲಿ ಸುಮಾರು 65 ಲಕ್ಷ ಮಂದಿ ಇದ್ದರು. 2009-10ರ ಗಣತಿಯಲ್ಲಿ ಅವರ ಸಂಖ್ಯೆ 43 ಲಕ್ಷಕ್ಕೆ ಇಳಿಯಿತು. 2019-20ರ ಗಣತಿಯಲ್ಲಿ 35 ಲಕ್ಷಕ್ಕೆ ಬಂದಿತು. ಕಾಲು ಶತಮಾನದೊಳಗೆ ಹೆಚ್ಚು ಕಡಿಮೆ ಅರ್ಧದಷ್ಟು ಕೈಗಳು ಲಾಳಿಯನ್ನು ಕೆಳಗಿಟ್ಟಂತಾಯಿತು. ಇದೇ ಕಡೆಯ ಗಣತಿಯು ಮತ್ತೊಂದು ಸಂಗತಿಯನ್ನೂ ಹೇಳುತ್ತದೆ: ಮೂರರಲ್ಲಿ ಎರಡು ಪಾಲಿನಷ್ಟು ನೇಕಾರ ಕುಟುಂಬಗಳ ತಿಂಗಳ ವರಮಾನವು 5,000 ರೂಪಾಯಿಗಳಿಗಿಂತ ಕಡಿಮೆಯಾಗಿತ್ತು. ಇಂಥ ವರಮಾನದ ಮನೆಯಿಂದ ಹತ್ತೊಂಬತ್ತು ವರ್ಷದ ತರುಣನು ಬೆಂಗಳೂರಿನ ಬಸ್ಸು ಹತ್ತಿದರೆ ಅವನಿಗೆ ಸೈರಣೆಯಿಲ್ಲವೆಂದು ಹೇಳುವುದು ನ್ಯಾಯವಲ್ಲ. ಹಸಿವಿಗೆ ಧರ್ಮೋಪದೇಶವು ಉತ್ತರವಾಗಲಾರದು. ಯಂತ್ರದ ಮಗ್ಗದ ಪೈಪೋಟಿ, ನೂಲಿನ ಬೆಲೆ, ಮಾರಾಟದ ತೊಡಕು ಮುಂತಾದ ದೊಡ್ಡ ಕಾರಣಗಳು ಒಬ್ಬ ಯಜಮಾನನ ಕೈಯಲ್ಲಿಲ್ಲವೆಂಬುದೂ ನಿಜವೇ. ಆದರೆ ಕೈಯಲ್ಲಿಲ್ಲದ ಕಾರಣಗಳನ್ನು ಮುಂದೆ ಮಾಡಿ ಕೈಯಲ್ಲಿರುವ ಕಾರಣಗಳನ್ನು ಮರೆಯುವುದು ಉಚಿತವಲ್ಲ.

ಕೈಯಲ್ಲಿರುವ ಕಾರಣಗಳಾವುವು? ದೃಷ್ಟಾಂತಕ್ಕಾಗಿ ಒಬ್ಬ ಮಗ್ಗದ ಯಜಮಾನನನ್ನು ಕಲ್ಪಿಸಿಕೊಳ್ಳಬಹುದು. ಆತನಿಗೆ ಆರು ಮಗ್ಗಗಳು. ವಯಸ್ಸು ಅರುವತ್ತು ದಾಟಿದೆ. ನಿಷ್ಠಾವಂತನು, ಶಿವಪೂಜೆಯಿಲ್ಲದೆ ನೀರು ಮುಟ್ಟುವವನಲ್ಲ. ಆರು ಮಗ್ಗಗಳಲ್ಲಿ ನಾಲ್ಕು ನಿಂತುಹೋಗಿವೆ. ಮಗ್ಗಗಳಿವೆ, ನೂಲಿದೆ, ನೇಯುವವರಿಲ್ಲ. ಉಳಿದ ಎರಡರಲ್ಲಿ ಒಂದನ್ನು ನಾಲ್ಕು ವರ್ಷಗಳಿಂದ ನೇಯುತ್ತಿದ್ದ ತರುಣನು ಒಂದು ದಿನ ಬೆಳಿಗ್ಗೆ ಬಂದು, “ಕಾಕಾ, ನಾಳೆಯಿಂದ ನಾ ಬರೂದಿಲ್ಲ” ಎಂದು ಹೇಳುತ್ತಾನೆ.

ಯಜಮಾನನು ಬೆರಗಾಗಿ, “ಯಾಕೋ ತಮ್ಮಾ, ನಿನಗೇನು ಕಡಿಮಿ ಮಾಡೀನಿ?” ಎಂದು ಕೇಳುತ್ತಾನೆ.

ತರುಣನು ತಲೆ ಬಗ್ಗಿಸಿ ಹೇಳುತ್ತಾನೆ: “ಕಡಿಮಿ ಏನೂ ಇಲ್ಲ ಕಾಕಾ. ನಾಕು ವರ್ಷಾತು, ಒಡಲು ನೇಯ್ತೀನಿ. ತೆನಿ ಹಾಕೂ ಹೊತ್ತಿಗೆ ನನ್ನ ಎಬ್ಬಿಸಿ ನೀವು ಕೂಡ್ತೀರಿ. ಸೀರಿ ಮುಗದ ಮ್ಯಾಲ ಅದು ನಂದು ಅಂತ ಅನಸೂದಿಲ್ಲ.”

ಈ ಮಾತಿನಲ್ಲಿ ಹಣದ ಪ್ರಸ್ತಾಪವೇ ಇಲ್ಲದಿರುವುದನ್ನು ಗಮನಿಸಬೇಕು. ಕೂಲಿ ಕಡಿಮೆಯಿದ್ದುದು ನಿಜ. ಆದರೂ ಆತನು ನಾಲ್ಕು ವರ್ಷ ಉಳಿದಿದ್ದನು. ಆತನನ್ನು ಎಬ್ಬಿಸಿ ಕಳುಹಿಸಿದುದು ಬೇರೊಂದು. ಯಜಮಾನನು ತೆನಿಯ ಕೆಲಸವನ್ನು ಏಕೆ ಕಲಿಸಲಿಲ್ಲ? ಕಲಿತರೆ ಹುಡುಗನು ಮತ್ತೊಬ್ಬರ ಮಗ್ಗಕ್ಕೆ ಹೋದಾನೆಂಬ ಭಯದಿಂದ. ಉಳಿಸಿಕೊಳ್ಳುವುದಕ್ಕಾಗಿ ಮುಚ್ಚಿಟ್ಟನು; ಮುಚ್ಚಿಟ್ಟುದರಿಂದಲೇ ಕಳೆದುಕೊಂಡನು. ಇಷ್ಟೇ ಅಲ್ಲ. ಹುಡುಗನ ತಾಯಿಯ ಕಾಯಿಲೆಯ ಕಾಲದಲ್ಲಿ ಆತನು ಮುಂಗಡ ಹಣವನ್ನು ಕೊಟ್ಟಿದ್ದನು. ಅದು ಉಪಕಾರವೇ ಸರಿ. ಆದರೆ ಆ ಬಾಕಿಯು ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಹುಡುಗನಿಗೆ ಎಂದೂ ತಿಳಿಯಲಿಲ್ಲ. ಉಪಕಾರವಾಗಿ ಹುಟ್ಟಿದ್ದು ಹಗ್ಗವಾಗಿ ಬೆಳೆಯಿತು. ಹಗ್ಗದಿಂದ ಕಟ್ಟಿದ ಪಶುವು ಗೂಟದ ಸುತ್ತ ತಿರುಗೀತು. ಮನುಷ್ಯನು ಬಿಚ್ಚಿಕೊಳ್ಳುವ ದಿನವನ್ನೇ ಎಣಿಸುತ್ತಾನೆ.

ಇನ್ನೂ ಒಂದು ಸಂಗತಿಯುಂಟು. ಆ ತರುಣನು ಒಮ್ಮೆ ತಾನು ನೇಯ್ದ ಸೀರೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಇದನ್ನು ದೂರದ ಊರಿನ ಗಿರಾಕಿಗಳಿಗೆ ನೇರವಾಗಿ ತೋರಿಸಬಹುದೆಂದು ಹೇಳಿದ್ದನು. ಯಜಮಾನನು ನಕ್ಕು, “ಲಾಳಿ ಹಿಡಿಯೋ ಕೈಯಾಗ ಅದ್ಯಾತಕ್ಕೋ?” ಎಂದಿದ್ದನು. ಯಜಮಾನನು ಆ ಮಾತನ್ನು ಅಂದೇ ಮರೆತನು, ಹುಡುಗನು ಮರೆಯಲಿಲ್ಲ.

ಈ ದೃಷ್ಟಾಂತದಲ್ಲಿ ದುಷ್ಟರು ಯಾರೂ ಇಲ್ಲ. ಯಜಮಾನನು ತನ್ನ ಗುರುವು ತನ್ನನ್ನು ಹೇಗೆ ನಡೆಯಿಸಿಕೊಂಡನೋ ಹಾಗೆಯೇ ಹುಡುಗನನ್ನು ನಡೆಯಿಸಿಕೊಂಡನು. ಆದರೆ ಆ ಕಾಲದಲ್ಲಿ ತರುಣನಿಗೆ ಹೋಗಲು ಬೇರೆ ಬಾಗಿಲು ಇರಲಿಲ್ಲ. ಈ ಕಾಲದಲ್ಲಿ ನೂರು ಬಾಗಿಲುಗಳಿವೆ. ಹಿಂದೆ ನಿರುಪಾಯದಿಂದ ನಿಂತವರನ್ನು ನಿಷ್ಠೆಯಿಂದ ನಿಂತವರೆಂದು ಹಿರಿಯರು ಭ್ರಮಿಸಿದ್ದುಂಟು. ಬಾಗಿಲು ತೆರೆದಿದ್ದರೂ ಒಳಗೆ ಉಳಿಯುವವನ ನಿಷ್ಠೆಯೇ ನಿಜವಾದ ನಿಷ್ಠೆ. ಅಂಥ ನಿಷ್ಠೆಯನ್ನು ಗಳಿಸಬೇಕಾಗುತ್ತದೆ. ಅದು ತಾನಾಗಿ ಬರತಕ್ಕದ್ದಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಹಿರಿಯರು ಕಿರಿಯರ ಮಾತಿಗೆ ಕಿವಿಗೊಡುತ್ತ ಹೋದರೆ ಗುರುಹಿರಿಯರೆಂಬ ಮರ್ಯಾದೆಯು ಉಳಿಯುವುದೆಂತು? ಈ ಆಕ್ಷೇಪಕ್ಕೆ ಉತ್ತರವು ಶರಣರ ಚರಿತ್ರೆಯಲ್ಲಿಯೇ ಇದೆ. ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮೇಶ್ವರರ ಪ್ರಸಂಗವು ಭಕ್ತರಿಗೆ ವಿದಿತವಾದುದೇ. ಸೊನ್ನಲಿಗೆಯಲ್ಲಿ ಕೆರೆ ದೇಗುಲಗಳನ್ನು ಕಟ್ಟಿಸುತ್ತ, ಬಹುಜನ ಕೆಲಸಗಾರರನ್ನು ಕೂಡಿಸಿಕೊಂಡು ಮಹತ್ಕಾರ್ಯ ನಡೆಯಿಸುತ್ತಿದ್ದ ಪ್ರಸಿದ್ಧ ಶಿವಯೋಗಿಗಳು ಅವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಒಡ್ಡನೆಂದು ಕರೆದಾಗ ಅವರ ಕೆಲಸಗಾರರು ಕೆರಳಿ ಕಲ್ಲೆತ್ತಿದರೆಂದು ಕಥೆಯಿದೆ. ಒಡೆಯನ ಮಾನಕ್ಕಾಗಿ ಕೆಲಸಗಾರರು ಹಾಗೆ ಮುನಿಯಬೇಕಾದರೆ ಆ ಒಡೆಯನು ಅವರ ಪ್ರೀತಿಯನ್ನು ಎಷ್ಟು ಗಳಿಸಿದ್ದಿರಬೇಕು! ಅಂಥ ಸಿದ್ಧರಾಮೇಶ್ವರರು ಪ್ರಭುಗಳೊಡನೆ ಕಲ್ಯಾಣಕ್ಕೆ ಬಂದು ಇಷ್ಟಲಿಂಗದೀಕ್ಷೆಯನ್ನು ಪಡೆದುದು ಯಾರಿಂದ? ವಯಸ್ಸಿನಲ್ಲಿ ತಮಗಿಂತ ಬಹಳ ಕಿರಿಯರಾದ ಚನ್ನಬಸವಣ್ಣನವರಿಂದ. ಅನುಭವಮಂಟಪದಲ್ಲಿ ಬಸವಣ್ಣನವರೂ ಸೋದರಳಿಯನಾದ ಚನ್ನಬಸವಣ್ಣನ ಜ್ಞಾನವನ್ನು ಹಿರಿದೆಂದು ಮನ್ನಿಸಿದರು. ಇದರಿಂದ ಸಿದ್ಧರಾಮೇಶ್ವರರ ಹಿರಿತನಕ್ಕಾಗಲಿ ಬಸವಣ್ಣನವರ ಹಿರಿತನಕ್ಕಾಗಲಿ ಏನು ಕುಂದು ಬಂದಿತು? ಎಂಟು ಶತಮಾನಗಳು ಕಳೆದರೂ ಅವರು ಹಿರಿಯರೇ. ವಯಸ್ಸಿನಿಂದ ಬರುವುದು ಗೌರವಕ್ಕೆ ಮೊದಲ ಮೆಟ್ಟಿಲು ಮಾತ್ರ. ಅರಿವು ಎಲ್ಲಿದ್ದರೂ ಅದಕ್ಕೆ ಬಾಗುವುದು ಕಡೆಯ ಮೆಟ್ಟಿಲು. ಕಿರಿಯನಿಂದ ಕಲಿಯಬಲ್ಲ ಹಿರಿಯನ ಮರ್ಯಾದೆಯನ್ನು ಯಾರೂ ಕಸಿಯಲಾರರು.

ಸ್ವದೇಶದ ಮಾತು ಹೀಗಿರಲು ಪರದೇಶದ ಒಂದು ಪದ್ಧತಿಯನ್ನೂ ಇಲ್ಲಿ ಸ್ಮರಿಸಬಹುದು. ಜಪಾನು ದೇಶದ ಇಸೆ ಎಂಬ ಪುಣ್ಯಕ್ಷೇತ್ರದಲ್ಲಿ ಮರದ ದೇವಾಲಯಗಳಿವೆ. ಅವುಗಳನ್ನು 20 ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಅದೇ ಅಳತೆಯಲ್ಲಿ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುವರು. ಕ್ರಿಸ್ತಶಕ 690ರಲ್ಲಿ ಮೊದಲಾದ ಈ ಪದ್ಧತಿಯು ನಡುವೆ ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಮೀರಿ ನಿಂತುಹೋಗಿ, ಮತ್ತೆ ಚಿಗುರಿ, 2013ರಲ್ಲಿ 62ನೆಯ ಸಲ ನೆರವೇರಿತು. ಗಟ್ಟಿಯಾದ ಕಲ್ಲಿನಲ್ಲಿ ಒಮ್ಮೆ ಕಟ್ಟಿಬಿಟ್ಟಿದ್ದರೆ ಈ ಶ್ರಮವೇಕೆ ಎಂದು ತೋರಬಹುದು. ಆದರೆ ಇದರಿಂದಾಗುವ ಒಂದು ಮಹಾಲಾಭವನ್ನು ನೋಡಬೇಕು. ಇಪ್ಪತ್ತರ ವಯಸ್ಸಿನಲ್ಲಿ ಉಳಿ ಹಿಡಿದು ಹಿರಿಯರ ಕೈಕೆಳಗೆ ಕಲಿತ ಬಡಗಿಯು ನಲವತ್ತರಲ್ಲಿ ತಾನೇ ಮುಂದೆ ನಿಂತು ಕಟ್ಟುತ್ತಾನೆ. ಅರುವತ್ತರಲ್ಲಿ ಬದಿಗೆ ಸರಿದು ಕಿರಿಯರಿಗೆ ಹೇಳಿಕೊಡುತ್ತಾನೆ. ಕಲಿಯುವ ಕಾಲ, ಮಾಡುವ ಕಾಲ, ಕಲಿಸುವ ಕಾಲ ಎಂದು ಒಬ್ಬನ ಬಾಳಿನಲ್ಲಿಯೇ ಮೂರು ಪಾಳಿಗಳು ಬರುತ್ತವೆ. ಅಲ್ಲಿ ಕಟ್ಟಡಕ್ಕಿಂತ ಕಟ್ಟುವ ಕೈಗಳನ್ನು ಉಳಿಸಿಕೊಳ್ಳುವುದೇ ಮುಖ್ಯವಾಯಿತು. ಇಲ್ಲಿನ ಅನೇಕ ಮನೆತನಗಳಲ್ಲಿ ನಲವತ್ತು ದಾಟಿದ ಮಗನ ಕೈಗೂ ಗಲ್ಲೆಯ ಬೀಗದ ಕೈ ಬಂದಿರುವುದಿಲ್ಲ. ಎಂಬತ್ತರ ತಂದೆಯು ಇನ್ನೂ ಗಾದಿಯ ಮೇಲೆಯೇ ಕುಳಿತಿರುವನು. ಮನೆಯ ಮಗನ ಸ್ಥಿತಿಯೇ ಹೀಗಿರಲು ಕೂಲಿಗೆ ಬಂದ ಹುಡುಗನು ಏನನ್ನು ನಂಬಿ ನಿಲ್ಲಬೇಕು?

ಇನ್ನು ಕೂಲಿ ಮತ್ತು ಸೌಕರ್ಯದ ಮಾತು. ಜಮಶೇಟಜಿ ಟಾಟಾ ಅವರು 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ಆರಂಭಿಸಿದಾಗ ಅವರನ್ನು ಕಾಡಿದ್ದು ಇದೇ ತೊಡಕು. ಕೆಲಸಗಾರರು ಬಂದ ದಿನ ಬರುವರು, ಬಾರದ ದಿನ ಬಾರರು. ದಂಡ ಹಾಕುವುದು ಆ ಕಾಲದ ಸಾಮಾನ್ಯ ದಾರಿ. ಅವರಾದರೋ ಗಿರಣಿಯೊಳಗೆ ಗಾಳಿ ಮತ್ತು ತಂಪಿನ ವ್ಯವಸ್ಥೆ ಮಾಡಿಸಿ, 1886ರಲ್ಲಿ ನಿವೃತ್ತಿವೇತನದ ನಿಧಿಯನ್ನೂ, 1895ರಲ್ಲಿ ಅಪಘಾತಕ್ಕೊಳಗಾದವರಿಗೆ ಪರಿಹಾರವನ್ನೂ ಏರ್ಪಡಿಸಿದರು. ಅವರ ತರುವಾಯ ಜಮಶೇದಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲಿಯೇ ದಿನಕ್ಕೆ ಎಂಟು ಗಂಟೆಯ ಕೆಲಸ, 1920ರಲ್ಲಿ ಸಂಬಳಸಹಿತ ರಜೆ, 1921ರಲ್ಲಿ ತರುಣರ ತರಬೇತಿಗಾಗಿ ತಾಂತ್ರಿಕ ಶಾಲೆ ಇವು ಬಂದವು. ಇಷ್ಟಾದರೂ ಅದೇ ಕಾರ್ಖಾನೆಯಲ್ಲಿ 1920, 1922 ಮತ್ತು 1928ರಲ್ಲಿ ಮುಷ್ಕರಗಳು ನಡೆದವೆಂಬುದನ್ನೂ ಮರೆಯಬಾರದು. ಇದರಿಂದ ಎರಡು ಪಾಠಗಳನ್ನು ತಿಳಿಯಬೇಕು. ಸೌಕರ್ಯವಿಲ್ಲದೆ ಜನ ನಿಲ್ಲುವುದಿಲ್ಲವೆಂಬುದು ಒಂದು. ಸೌಕರ್ಯ ಕೊಟ್ಟ ಮಾತ್ರಕ್ಕೆ ಅವರ ಮಾತನ್ನು ಕೇಳುವ ಹೊಣೆ ತೀರುವುದಿಲ್ಲವೆಂಬುದು ಮತ್ತೊಂದು. ಹೊಟ್ಟೆಗೆ ಹಾಕಿ ಬಾಯಿಗೆ ಬೀಗ ಹಾಕಿದರೆ ಉಂಡ ಅನ್ನವೂ ಮೈಗೆ ಹತ್ತುವುದಿಲ್ಲ.

ಕಿರಿಯರಿಗೆ ಹೊಣೆಯನ್ನು ಬಿಟ್ಟುಕೊಟ್ಟರೆ ಏನಾದೀತೆಂದು ಅಂಜುವವರಿಗೆ ಹತ್ತಿರದ ನಿದರ್ಶನವೊಂದಿದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಮುಂದಾಗಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಮಾಜವು ಅವರನ್ನು ಸಪ್ತರ್ಷಿಗಳೆಂದು ಕರೆಯಿತು. ಅವರ ಬೆನ್ನಿಗೆ ನಿಂತವರು ಹಣವುಳ್ಳ, ಅಧಿಕಾರವುಳ್ಳ ಹಿರಿಯರು. ಆ ಸಂಸ್ಥೆಯ ಮೊದಲ ಪ್ರೌಢಶಾಲೆಗೆ ಗಿಲಗಂಚಿ ಮತ್ತು ಅರಟಾಳ ಎಂಬ ಇಬ್ಬರು ಹಿರಿಯರ ಮನೆತನದ ಹೆಸರುಗಳಿವೆ. 1933ರಲ್ಲಿ ಆರಂಭವಾದ ಮಹಾವಿದ್ಯಾಲಯಕ್ಕೆ ಶಿರಸಂಗಿಯ ಲಿಂಗರಾಜ ದೇಸಾಯರ ಹೆಸರಿದೆ. ಬಾಗಿಲ ಮೇಲೆ ಹಿರಿಯರ ಹೆಸರು, ಒಳಗೆ ಕಿರಿಯರ ದುಡಿಮೆ. ಹಿರಿಯರು ಹಣ ಕೊಟ್ಟೆವೆಂದು ಪಾಠ ಹೇಳುವ ಕುರ್ಚಿಯಲ್ಲಿ ತಾವೇ ಕೂಡಲಿಲ್ಲ. ಕಿರಿಯರು ದುಡಿದೆವೆಂದು ಹಿರಿಯರ ಹೆಸರನ್ನು ಅಳಿಸಲಿಲ್ಲ. ಇಬ್ಬರ ಪಾಲೂ ಇಬ್ಬರಿಗೂ ಸಂದಿತು.

ಈವರೆಗೆ ಹೇಳಿದುದು ಯಜಮಾನರಿಗೆ. ಇನ್ನು ಹೇಳಬೇಕಾದುದು ಧರ್ಮಸಂಸ್ಥೆಗಳನ್ನು ನಡೆಯಿಸುವವರಿಗೆ. ಇದು ಉತ್ಸವದ ದಿನ ಕಹಿಯೆನಿಸಬಹುದು. ಆದರೂ ಔಷಧವು ಕಹಿಯೆಂದು ಬಿಡತಕ್ಕದ್ದಲ್ಲ. ಶಾಲೆಯ ತರುಣ ಉಪಾಧ್ಯಾಯನು, ಪ್ರಸಾದನಿಲಯದ ಅಡಿಗೆಯವನು, ಕಚೇರಿಯ ಗುಮಾಸ್ತನು, ಗ್ರಂಥಾಲಯದ ಹುಡುಗಿ ಇವರು ಸಂಬಳದ ಮಾತೆತ್ತಿದಾಗ, ಇದು ಸೇವೆ, ಇದು ಕಾಯಕ, ಇಲ್ಲಿ ಹಣದ ಮಾತೇಕೆ ಎಂದು ಉತ್ತರಿಸುವ ಪರಿಪಾಠವು ಧರ್ಮಸಂಸ್ಥೆಗಳಲ್ಲಿ ಉಂಟು. ಶರಣರು ಕಾಯಕವನ್ನು ಎತ್ತರಕ್ಕೇರಿಸಿದುದು ದುಡಿಯುವವನ ಮಾನ ಹೆಚ್ಚಲೆಂದು. ದುಡಿಸಿಕೊಳ್ಳುವವನ ಖರ್ಚು ತಗ್ಗಲೆಂದಲ್ಲ. ಸೇವೆಯೆಂಬುದು ಮಾಡುವವನು ತಾನಾಗಿ ಆಡತಕ್ಕ ಮಾತು, ಮಾಡಿಸಿಕೊಳ್ಳುವವನು ಆಡತಕ್ಕದ್ದಲ್ಲ. ಕಾಯಕವೆಂಬ ಪವಿತ್ರ ಶಬ್ದವನ್ನು ಕಡಿಮೆ ಕೂಲಿಯ ಮೇಲೆ ಹೊದಿಸುವುದು ಆ ಶಬ್ದಕ್ಕೆ ಮಾಡಿದ ಅಪಚಾರ. ಹೀಗೆ ಹೊದಿಸಿದಾಗ ಮೊದಲು ಹೊರಟುಹೋಗುವವರು ಸಮರ್ಥರೂ ಸ್ವಾಭಿಮಾನಿಗಳೂ ಆದ ತರುಣರು. ಉಳಿಯುವವರು ಎಲ್ಲಿಯೂ ಹೋಗಲಾರದವರು. ಐವತ್ತು ವರ್ಷಗಳ ತರುವಾಯ ಸಂಸ್ಥೆಯು ಯಾರ ಕೈಯಲ್ಲಿರಬೇಕೆಂಬುದನ್ನು ಇಂದಿನ ಸಂಬಳದ ಪುಸ್ತಕವೇ ಬರೆಯುತ್ತಿರುತ್ತದೆ.

ಇಂತು ವಿಚಾರಿಸಲಾಗಿ, ಹಿರಿಯರು ಆಚರಿಸತಕ್ಕ ಧರ್ಮಗಳು ನಾಲ್ಕೆಂದು ಸಿದ್ಧವಾಗುತ್ತದೆ.

ಮೊದಲನೆಯದು ತೆರೆದ ಲೆಕ್ಕ. ಕೂಲಿ ಎಷ್ಟು, ಮುಂಗಡ ಎಷ್ಟು, ತೀರಿದ್ದೆಷ್ಟು ಎಂಬುದು ಇಬ್ಬರ ಕಣ್ಣಿಗೂ ಕಾಣುವಂತೆ ಬರೆದಿರಬೇಕು; ಗೊತ್ತಾದ ದಿನಕ್ಕೆ ಕೇಳುವ ಮೊದಲೇ ಕೂಲಿ ಸಲ್ಲಬೇಕು. ಕೇಳಿ ಪಡೆದ ಕೂಲಿಯಲ್ಲಿ ಅರ್ಧ ಮಾನ ಹೋಗಿರುತ್ತದೆ.

ಎರಡನೆಯದು ಪೂರ್ಣ ವಿದ್ಯೆ. ಕಲಿಸುವುದಾದರೆ ಮರ್ಮದವರೆಗೂ ಕಲಿಸಬೇಕು. ಕಲಿತು ಹೋದವನು ಒಬ್ಬನಿದ್ದರೆ, ಕಲಿಸುವ ಮನೆಯೆಂಬ ಕೀರ್ತಿಯನ್ನು ಕೇಳಿ ಬರುವವರು ಇಬ್ಬರಿರುತ್ತಾರೆ. ಮುಚ್ಚಿಟ್ಟ ವಿದ್ಯೆಯಾದರೋ ಯಜಮಾನನೊಡನೆಯೇ ಮಣ್ಣು ಸೇರುತ್ತದೆ.

ಮೂರನೆಯದು ಕೇಳುವ ಕಿವಿ. ಏಕೆ ಎಂಬ ಪ್ರಶ್ನೆಯನ್ನು ಅವಿಧೇಯತೆಯೆಂದು ತಿಳಿಯಬಾರದು. ಪಾಠಶಾಲೆಯಲ್ಲಿ ಶಂಕೆಯೆತ್ತದ ಶಿಷ್ಯನನ್ನು ಗುರುಗಳು ಮೆಚ್ಚುವುದಿಲ್ಲ. ಅಂಗಡಿಯಲ್ಲಿ ಮಾತ್ರ ಶಂಕೆಯು ಅಪರಾಧವಾಗುವುದೇಕೆ? ಹೊಸ ಕಾಲದ ಸಾಧನಗಳನ್ನು ಕಿರಿಯರೇ ಬಲ್ಲರು. ಅದನ್ನು ಅವರಿಂದ ಕಲಿಯುವುದರಲ್ಲಿ ನಾಚಿಕೆಯಿಲ್ಲ.

ನಾಲ್ಕನೆಯದು ಸಕಾಲದಲ್ಲಿ ಸರಿಯುವುದು. ಕೈಯಲ್ಲಿ ಬಲವಿರುವಾಗಲೇ ಹೊಣೆಯನ್ನು ಕೊಟ್ಟು, ತಪ್ಪಿದರೆ ತಿದ್ದಲು ಪಕ್ಕದಲ್ಲಿರಬೇಕು. ಮಠಗಳಲ್ಲಿ ಉತ್ತರಾಧಿಕಾರಿಯನ್ನು ಪೂಜ್ಯರು ತಮ್ಮ ಕಣ್ಣೆದುರಿನಲ್ಲಿಯೇ ನೇಮಿಸಿ, ವಿದ್ಯೆ ಕಲಿಸಿ, ಸಭೆಗಳಲ್ಲಿ ಕೂಡಿಸಿ ಪಳಗಿಸುವ ಸಂಪ್ರದಾಯದ ತಿರುಳು ಇದೇ. ಮಠಕ್ಕೆ ಹಿತವಾದುದು ಮನೆಗೂ ಅಂಗಡಿಗೂ ಹಿತವೇ.

ಕಿರಿಯರಿಗೆ ಧರ್ಮವಿಲ್ಲವೆಂದಲ್ಲ. ಕಲಿತ ಕೆಲಸವನ್ನು ಅರ್ಧಕ್ಕೆ ಬಿಡದಿರುವುದು, ಹೋಗಬೇಕಾದರೆ ಮೊದಲೇ ತಿಳಿಸಿ ಹೋಗುವುದು, ಕಲಿಸಿದ ಕೈಯನ್ನು ನಾಲ್ಕು ಜನರ ಮುಂದೆ ನೆನೆಯುವುದು, ಹಿರಿಯರ ನಿಧಾನದಲ್ಲಿ ಅನುಭವದ ಎಚ್ಚರವಿದ್ದೀತೆಂದು ಒಂದು ಗಳಿಗೆ ಯೋಚಿಸುವುದು ಇವು ಅವರ ಪಾಲಿನವು. ಆದರೆ ಹಿರಿಯರು ತಮ್ಮ ನಾಲ್ಕನ್ನು ನಡೆಸಿ ತೋರಿಸಿದ ಮೇಲೆ ಇವನ್ನು ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಇಷ್ಟು ಮಾಡಿದರೆ ಎಲ್ಲರೂ ಉಳಿಯುವರೇ? ಉಳಿಯಲಾರರು. ದೃಷ್ಟಾಂತದ ಯಜಮಾನನು ಆ ಬೆಳಿಗ್ಗೆ ಹುಡುಗನ ಮಾತನ್ನು ಕೇಳಿ ಏನು ಮಾಡಿಯಾನು? ಸಿಟ್ಟಾಗಿ ಬಾಕಿಯ ಮಾತೆತ್ತಬಹುದು. ಆಗ ಐದನೆಯ ಮಗ್ಗವೂ ನಿಲ್ಲುತ್ತದೆ. ಇಲ್ಲವೆ ಲೆಕ್ಕದ ಪುಸ್ತಕವನ್ನು ತಂದು ಎದುರಿಗೆ ಬಿಚ್ಚಿ, ತೀರಿದುದನ್ನು ತೀರಿತೆಂದು ಬರೆದು, “ಹೋಗೂದಾದ್ರ ಹೋಗು ತಮ್ಮಾ. ಹೋಗೂ ಮೊದಲ ಈ ಸೀರಿ ತೆನಿ ನೀನ ಹಾಕಿ ಹೋಗು, ನಾ ಬಾಜೂಕ ಕೂಡ್ತೀನಿ” ಎಂದು ಹೇಳಬಹುದು. ಹಾಗೆ ಹೇಳಿದರೆ ಹುಡುಗನು ಉಳಿದಾನು ಅಥವಾ ಹೋದಾನು. ಉಳಿದರೆ ಮಗ್ಗಕ್ಕೆ ಒಡೆಯನಾಗಿ ಉಳಿಯುವನು. ಹೋದರೆ ಆ ಮನೆಯ ಹೆಸರನ್ನು ಹೊತ್ತು ಹೋಗುವನು. ಮತ್ತೊಬ್ಬ ಹುಡುಗನಿಗೆ ಆ ಮನೆಯ ದಾರಿಯನ್ನು ತೋರಿಸುವನು. ಎರಡರಲ್ಲಿಯೂ ಯಜಮಾನನಿಗೆ ನಷ್ಟವಿಲ್ಲ. ವಿದ್ಯೆಯಂತೂ ಮುಂದಿನ ಕೈಗೆ ದಾಟಿರುತ್ತದೆ.

ಸದ್ಭಕ್ತರೇ, ಒಡಲಿನ ಹಾಸು ಹಿರಿಯರದು, ಸೆರಗಿನ ಹಾಸು ಕಿರಿಯರದು. ಬಣ್ಣ ಬೇರೆ, ನೂಲು ಬೇರೆ, ಹೊಳಪು ಬೇರೆ. ಒಡಲೇ ಉದ್ದವಾಗುತ್ತ ಹೋದರೆ ಸೆರಗಿಲ್ಲ. ಸೆರಗೊಂದೇ ಇದ್ದರೆ ಸೀರೆಯಿಲ್ಲ. ಎರಡನ್ನೂ ಕೂಡಿಸುವ ಕುಣಿಕೆಗಳನ್ನು ಒಮ್ಮೆ ಹಾಕಿ ಎಲ್ಲ ಸೀರೆಗಳಿಗೂ ಸಾಲಿಸಲು ಬರುವುದಿಲ್ಲ. ಪ್ರತಿಯೊಂದಕ್ಕೂ ಹೊಸದಾಗಿ, ಎಳೆಯೆಳೆಯಾಗಿ, ಬಗ್ಗಿ ಕುಳಿತು ಹಾಕಬೇಕು. ಅಂತೆಯೇ ಒಬ್ಬೊಬ್ಬ ತರುಣನನ್ನೂ ಒಬ್ಬೊಬ್ಬ ತರುಣಿಯನ್ನೂ ಬೇರೆ ಬೇರೆಯಾಗಿ ಕೂಡಿಸಿಕೊಳ್ಳಬೇಕು. ಬಗ್ಗಬೇಕಾದವರು ಹಿರಿಯರು. ಬೆನ್ನು ನೋಯುವುದು ನಿಜ. ಆದರೆ ಸೀರೆಯು ಹರಿಯದೆ ಉಳಿಯುವುದು ಆ ನೋವಿನಿಂದಲೇ.

ಸುವರ್ಣಮಹೋತ್ಸವವನ್ನು ಕಂಡ ಈ ಮಠದ ಶತಮಾನೋತ್ಸವವನ್ನು ಇಂದಿನ ಕಿರಿಯರು ನಡೆಯಿಸಲಿ. ಆ ದಿನ ಅವರು ಇಂದಿನ ಹಿರಿಯರನ್ನು, ತಮಗೆ ಕಲಿಸಿದವರೆಂದೂ ತಮ್ಮನ್ನು ನಂಬಿದವರೆಂದೂ ನೆನೆಯುವಂತಾಗಲಿ. ಸನ್ನಿಧಿಯವರ ಕೃಪಾಶೀರ್ವಾದವು ದುಡಿಯುವ ಎಲ್ಲ ಕೈಗಳ ಮೇಲೂ ಇರಲಿ.

ಇತಿ ಶಿವಮ್.